ಒಂದು ಉದ್ದೇಶ, ಹಲವು ವರ್ಷ: ವಿದ್ಯಾರ್ಥಿಗಳ ಸಹಾಯಾರ್ಥ ನಿಧಿ ಸಂಗ್ರಹ

ಕೇಳುಗರಿಗೆ ನಮಸ್ಕಾರ. ಪದವಿ ಕಾಲೇಜುಗಳಲ್ಲಿ ಓದುತ್ತಿರುವ ವಿದ್ಯಾರ್ಥಿಗಳನ್ನೂ ಅಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಘಟಕಗಳನ್ನು ನಡೆಸುತ್ತಿರುವ ಅಧ್ಯಾಪಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇಂದಿನ ಮಾತುಗಳನ್ನು ಆಡುತ್ತಿದ್ದೇನೆ. ವಿದ್ಯಾರ್ಥಿಗಳೇ ಮುಂದೆ ನಿಂತು ನಡೆಸುವ ಸಹಾಯಾರ್ಥ ನಿಧಿ ಸಂಗ್ರಹದ ವಿಚಾರವಾಗಿ ನನಗೆ ಹೇಳಬೇಕಾಗಿರುವುದು ಒಂದೇ ಮಾತು. ಅದನ್ನು ಮೊದಲೇ ಹೇಳಿಬಿಡುತ್ತೇನೆ: ಒಂದು ಉದ್ದೇಶವನ್ನು ಆರಿಸಿಕೊಳ್ಳಿ, ಹಲವು ವರ್ಷ ಅದನ್ನು ಬಿಡಬೇಡಿ.

ನಮ್ಮ ಬಹಳಷ್ಟು ಕಾಲೇಜುಗಳಲ್ಲಿ ಹಾಗಾಗುತ್ತಿಲ್ಲ. ಒಂದು ವರ್ಷ ನೆರೆ ಸಂತ್ರಸ್ತರಿಗಾಗಿ ಡಬ್ಬಿ ಹಿಡಿದು ಹೊರಟವರು ಮರುವರ್ಷ ವೃದ್ಧಾಶ್ರಮಕ್ಕಾಗಿ ಸಂಗೀತ ಸಂಜೆ ಏರ್ಪಡಿಸುತ್ತಾರೆ, ಅದರ ಮುಂದಿನ ವರ್ಷ ಇನ್ನಾವುದಕ್ಕೋ ಮ್ಯಾರಥಾನ್ ಓಡುತ್ತಾರೆ. ವರ್ಷಕ್ಕೊಂದು ಸಮಿತಿ, ವರ್ಷಕ್ಕೊಂದು ಬ್ಯಾನರ್, ಕೊನೆಗೆ ಚೆಕ್ ಹಸ್ತಾಂತರದ ಒಂದು ಫೋಟೊ. ಅವರ ಮನಸ್ಸು ಒಳ್ಳೆಯದೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ವೃದ್ಧಾಶ್ರಮಕ್ಕೆ ಮರುವರ್ಷವೂ ಅಕ್ಕಿ ಬೇಕು, ಔಷಧಿ ಬೇಕು ಎಂಬುದನ್ನು ಯಾರಾದರೂ ಯೋಚಿಸಬೇಡವೇ?

ಈ ಮಾತಿಗೆ ನಾನು ಸದಾ ಕೊಡುವ ಉದಾಹರಣೆ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ್ದು. ಅಲ್ಲಿನ ವಿದ್ಯಾರ್ಥಿಗಳು 1973ರಲ್ಲಿ ಮೂವತ್ತು ಗಂಟೆಗಳ ನೃತ್ಯ ಕಾರ್ಯಕ್ರಮವೊಂದನ್ನು ನಡೆಸಿ ಎರಡು ಸಾವಿರ ಡಾಲರಿಗೆ ಸ್ವಲ್ಪ ಹೆಚ್ಚು ಹಣ ಕೂಡಿಸಿದರು. ಮೊದಲ ಕೆಲವು ವರ್ಷ ಅವರೂ ನಮ್ಮಂತೆಯೇ ಬೇರೆ ಬೇರೆ ಸಂಸ್ಥೆಗಳಿಗೆ ಹಣ ಕೊಟ್ಟರು. 1977ರಲ್ಲಿ ಅವರು ಒಂದು ನಿರ್ಧಾರ ಮಾಡಿದರು. ಚಾರ್ಲ್ಸ್ ಮತ್ತು ಇರ್ಮಾ ಮಿಲಾರ್ಡ್ ದಂಪತಿಯ ಮಗ ಕ್ರಿಸ್ಟೋಫರ್ ಹದಿನಾಲ್ಕನೆಯ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದ. ಧೈರ್ಯ, ವಿವೇಕ, ಪ್ರಾಮಾಣಿಕತೆ, ಶಕ್ತಿ ಎಂಬ ನಾಲ್ಕು ವಜ್ರಗಳನ್ನು ಹುಡುಕಿ ಹೊರಡುವ ವೀರನೊಬ್ಬನ ಕಥೆಯನ್ನು ಆ ಹುಡುಗ ಬರೆದಿಟ್ಟಿದ್ದ. ತಂದೆತಾಯಿ ಆ ಕಥೆಯಿಂದಲೇ ಹೆಸರನ್ನು ತೆಗೆದುಕೊಂಡು, 1972ರಲ್ಲಿ 'ಫೋರ್ ಡೈಮಂಡ್ಸ್' ಎಂಬ ನಿಧಿಯನ್ನು ಸ್ಥಾಪಿಸಿದ್ದರು. ಹರ್ಷಿ ಎಂಬ ಊರಿನಲ್ಲಿರುವ ಅದೇ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಕ್ಯಾನ್ಸರ್ ಚಿಕಿತ್ಸೆಗಾಗಿ ಬರುವ ಮಕ್ಕಳ ಕುಟುಂಬಗಳಿಗೆ, ವಿಮೆ ಭರಿಸದೆ ಉಳಿಯುವ ಖರ್ಚನ್ನು ಈ ನಿಧಿ ನೋಡಿಕೊಳ್ಳುತ್ತದೆ. ವಿದ್ಯಾರ್ಥಿಗಳು ಈ ನಿಧಿಯೊಂದನ್ನೇ ಹಿಡಿದುಕೊಂಡರು, ಅಂದಿನಿಂದ ಬಿಟ್ಟಿಲ್ಲ.

ಈಗ ಆ ಕಾರ್ಯಕ್ರಮಕ್ಕೆ 'ಥಾನ್' ಎಂದೇ ಹೆಸರು. ಪ್ರತಿ ಫೆಬ್ರವರಿಯಲ್ಲಿ ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ, ಒಟ್ಟು ನಲವತ್ತಾರು ಗಂಟೆ, ನೂರಾರು ವಿದ್ಯಾರ್ಥಿಗಳು ಕೂರದೆ, ಮಲಗದೆ ಕಾಲ ಮೇಲೆಯೇ ಇರುತ್ತಾರೆ. ಗಂಟೆಗೊಮ್ಮೆ ಎಲ್ಲರೂ ಸಾಲಾಗಿ ನಿಂತು ಒಂದೇ ನೃತ್ಯವನ್ನು ಮಾಡುತ್ತಾರೆ. ಎರಡನೆಯ ರಾತ್ರಿ ಕಾಲುಗಳು ಸೋತಾಗ ಜೊತೆಯವರು ಮಾತನಾಡಿಸುತ್ತ ಎಚ್ಚರವಾಗಿಡುತ್ತಾರೆ. ಚಿಕಿತ್ಸೆಯಲ್ಲಿರುವ ಮಕ್ಕಳೂ ಅಲ್ಲಿಗೆ ಬರುತ್ತಾರೆ, ನೀರಿನ ಪಿಚಕಾರಿ ಹಿಡಿದು ನರ್ತಕರ ನಡುವೆ ಓಡಾಡುತ್ತಾರೆ. ಭಾನುವಾರ ಕುಟುಂಬಗಳು ವೇದಿಕೆಗೆ ಬಂದು ತಮ್ಮ ಮಗುವಿನ ಕಥೆಯನ್ನು ಹೇಳುತ್ತವೆ, ಉಳಿಯದ ಮಗುವಿನ ಕಥೆಯನ್ನೂ ಹೇಳುತ್ತವೆ. ಕೊನೆಯಲ್ಲಿ ವಿದ್ಯಾರ್ಥಿಗಳು ಸಾಲಾಗಿ ನಿಂತು, ಒಬ್ಬೊಬ್ಬರು ಒಂದೊಂದು ಅಂಕಿಯ ಫಲಕವನ್ನು ಮೇಲೆತ್ತಿ, ಆ ವರ್ಷ ಕೂಡಿದ ಹಣವೆಷ್ಟು ಎಂಬುದನ್ನು ತೋರಿಸುತ್ತಾರೆ. 2025ರಲ್ಲಿ ಆ ಮೊತ್ತ 1 ಕೋಟಿ 77 ಲಕ್ಷ ಡಾಲರ್. ಕೋವಿಡ್ ಕಾಲದಲ್ಲಿ, 2021ರಲ್ಲಿ, ಸಭಾಂಗಣದಲ್ಲಿ ಒಟ್ಟು ಸೇರಲಾಗದೆ ಆನ್‌ಲೈನ್‌ನಲ್ಲಿ ನಡೆಸಬೇಕಾಗಿ ಬಂದಾಗಲೂ ಒಂದು ಕೋಟಿ ಡಾಲರ್ ದಾಟಿತ್ತು.

ಇದನ್ನು ಕೇಳಿ ದಯವಿಟ್ಟು ನಾಳೆಯೇ ನಿಮ್ಮ ಕಾಲೇಜಿನಲ್ಲಿ ನೃತ್ಯ ಏರ್ಪಡಿಸಲು ಹೊರಡಬೇಡಿ. ನೃತ್ಯ ಮುಖ್ಯವಲ್ಲ. ಎರಡು ಸಾವಿರ ಡಾಲರನ್ನು ಕೋಟಿಗೆ ಮುಟ್ಟಿಸಿದ್ದು ಒಂದೇ ಉದ್ದೇಶವನ್ನು ಹಲವು ವರ್ಷ ಹಿಡಿದದ್ದು. ವಿದ್ಯಾರ್ಥಿಗಳು ಮೂರು ನಾಲ್ಕು ವರ್ಷಗಳಲ್ಲಿ ಪದವಿ ಪಡೆದು ಹೊರಟುಹೋಗುತ್ತಾರೆ. ಉದ್ದೇಶ ಉಳಿದರೆ ಮಾತ್ರ ಅವರು ಕಲಿತದ್ದು ಮುಂದಿನವರಿಗೆ ಸಿಗುತ್ತದೆ. ಅಲ್ಲಿ ಹಳೆಯ ವಿದ್ಯಾರ್ಥಿಗಳು ಊರು ಬಿಟ್ಟ ಮೇಲೂ ಹಣ ಕಳಿಸುವುದು, ತಾವು ಅಂದು ಯಾರಿಗಾಗಿ ನಿಂತಿದ್ದರೋ ಅವರಿಗಾಗಿಯೇ ಇಂದಿನವರೂ ನಿಂತಿದ್ದಾರೆ ಎಂಬ ಕಾರಣಕ್ಕೆ. ಹಣ ಪಡೆಯುವವರಿಗೂ ಇದರಿಂದ ಲಾಭವಿದೆ. ಮುಂದಿನ ವರ್ಷವೂ ಹಣ ಬರುತ್ತದೆ ಎಂಬ ಭರವಸೆಯಿರುವುದರಿಂದಲೇ ಫೋರ್ ಡೈಮಂಡ್ಸ್ ಚಿಕಿತ್ಸೆಯ ಖರ್ಚಿನ ಜೊತೆಗೆ ಮಕ್ಕಳ ಕ್ಯಾನ್ಸರ್ ಸಂಶೋಧನೆಗೂ ಕೈಹಾಕಲು ಸಾಧ್ಯವಾಯಿತು. ಸಂಶೋಧಕರನ್ನು ಒಂದು ವರ್ಷದ ಚಂದಾ ಹಣದಿಂದ ನೇಮಿಸಿಕೊಳ್ಳಲು ಬರುವುದಿಲ್ಲ.

ನಮ್ಮಲ್ಲಿ ಅಂಥ ಉದ್ದೇಶಗಳು ಇಲ್ಲವೇ? ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬೀದರ್, ರಾಯಚೂರಿನಂಥ ದೂರದ ಜಿಲ್ಲೆಗಳಿಂದ ಮಕ್ಕಳನ್ನು ಕರೆತರುವ ತಂದೆತಾಯಿಯನ್ನು ನೆನೆಯಿರಿ. ಚಿಕಿತ್ಸೆಯ ವೆಚ್ಚಕ್ಕೆ ಸರ್ಕಾರದ ಯೋಜನೆ ಒದಗಿದರೂ ತಿಂಗಳುಗಟ್ಟಲೆ ಉಳಿಯುವ ಬಾಡಿಗೆ, ಊಟ, ಬಸ್ ಚಾರ್ಜು, ತಪ್ಪಿಹೋದ ಕೂಲಿ ಅವರ ತಲೆಯ ಮೇಲೆಯೇ ಬೀಳುತ್ತವೆ. ಒಂದು ಕಾಲೇಜು ಪ್ರತಿವರ್ಷ ತನ್ನ ತಾಲ್ಲೂಕಿನಿಂದ ಹೀಗೆ ಹೋಗುವ ಮಕ್ಕಳ ಈ ಖರ್ಚನ್ನು ಮಾತ್ರ ಹೊತ್ತುಕೊಂಡರೆ ಸಾಕು. ಹತ್ತು ವರ್ಷಗಳಲ್ಲಿ ಆ ತಾಲ್ಲೂಕಿನ ಜನರೇ ಕಾಲೇಜಿಗೆ ಬಂದು ದೇಣಿಗೆ ಕೊಟ್ಟು ಹೋಗುತ್ತಾರೆ ಎಂಬ ನಂಬಿಕೆ ನನಗಿದೆ.

ಸಮಯ ಕಡಿಮೆ ಉಳಿದಿರುವುದರಿಂದ ಲೆಕ್ಕಪತ್ರದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಹಣವನ್ನು ವಿದ್ಯಾರ್ಥಿಯ ಸ್ವಂತ ಖಾತೆಗೆ, ಅವನ ಫೋನಿನ ಯುಪಿಐಗೆ ಹಾಕಿಸಿಕೊಳ್ಳಬೇಡಿ; ಇಬ್ಬರ ಸಹಿಯಿರುವ ಖಾತೆಯೇ ಬೇಕು. ಪ್ರತಿಯೊಂದು ದೇಣಿಗೆಗೂ ರಸೀದಿ ಕೊಡಿ. ಎರಡು ಸಾವಿರ ರೂಪಾಯಿಗೆ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆಯ ವಿನಾಯಿತಿ ಸಿಗುವುದಿಲ್ಲ ಎಂಬುದನ್ನು ದಾನಿಗಳಿಗೆ ಮೊದಲೇ ತಿಳಿಸಿ. ವಿದೇಶದ ಪೌರತ್ವ ಪಡೆದ ಹಳೆಯ ವಿದ್ಯಾರ್ಥಿಯ ಹಣ ಕಾನೂನಿನ ಲೆಕ್ಕದಲ್ಲಿ ವಿದೇಶಿ ದೇಣಿಗೆ. ಅದಕ್ಕೆ ನೋಂದಣಿ ಬೇಕು. ವೇದಿಕೆ, ಧ್ವನಿವರ್ಧಕ, ಹಾರತುರಾಯಿಗೆ ಎಷ್ಟು ಹೋಯಿತು, ಉದ್ದೇಶಕ್ಕೆ ಎಷ್ಟು ಹೋಯಿತು ಎಂಬುದನ್ನು ನೋಟಿಸ್ ಬೋರ್ಡಿನಲ್ಲಿ ಅಂಟಿಸಿ. ಒಂದೇ ಉದ್ದೇಶವಿದ್ದಾಗ ಹಿಂದಿನ ವರ್ಷದ ಹಾಳೆಯ ಪಕ್ಕದಲ್ಲಿ ಈ ವರ್ಷದ್ದನ್ನು ಇಟ್ಟು ಯಾರು ಬೇಕಾದರೂ ಹೋಲಿಸಬಹುದು.

ಇನ್ನೊಂದು ಮಾತು, ರಸ್ತೆಯ ಬಗ್ಗೆ. ಪೆನ್ ಸ್ಟೇಟ್‌ನವರು ದೂರದ ಊರುಗಳಿಗೆ ಹೋಗಿ ರಸ್ತೆ ಬದಿಯಲ್ಲಿ ಡಬ್ಬಿ ಹಿಡಿದು ನಿಲ್ಲುತ್ತಿದ್ದರು. ಹಾಗೆ ಹೋಗಿಬರುವಾಗ ವಿದ್ಯಾರ್ಥಿಗಳು ಅಪಘಾತದಲ್ಲಿ ಪ್ರಾಣ ಕಳೆದುಕೊಂಡರು. ಆ ಪದ್ಧತಿಯನ್ನು ಹಂತ ಹಂತವಾಗಿ ಕೈಬಿಡುವುದಾಗಿ 2016ರಲ್ಲಿ ಪ್ರಕಟಿಸಲಾಯಿತು. ಅಧ್ಯಾಪಕರೇ, ಸಿಗ್ನಲ್‌ನಲ್ಲಿ ವಾಹನಗಳ ನಡುವೆ ನಿಮ್ಮ ವಿದ್ಯಾರ್ಥಿಗಳನ್ನು ಡಬ್ಬಿ ಕೊಟ್ಟು ಕಳಿಸಬೇಡಿ.

ಈ ವರ್ಷದ ಸಮಿತಿಯವರು ಪರೀಕ್ಷೆಗೆ ಓದಲು ಕೂರುವ ಮೊದಲು ದಾನಿಗಳ ಪಟ್ಟಿಯನ್ನೂ ಖರ್ಚಿನ ಪುಸ್ತಕವನ್ನೂ ಎರಡನೆಯ ವರ್ಷದವರ ಕೈಗೆ ಒಪ್ಪಿಸಿ, ನೀವು ನೆರವಾಗುತ್ತಿರುವ ಕುಟುಂಬಗಳಿಗೆ ಅವರನ್ನು ಪರಿಚಯಿಸಿ ಬನ್ನಿ. ನಮಸ್ಕಾರ.