ರಸೀದಿ ಕೊಡ್ರಿ ಸಾಹೇಬ್ರ

ಕೇಳುಗರಿಗೆಲ್ಲ ಶರಣು ಶರಣಾರ್ಥಿ. ಇವತ್ತು ಅಕ್ಟೋಬರ್ 17, ಬಡತನ ನಿರ್ಮೂಲನಾ ದಿನ ಅಂತ ವಿಶ್ವಸಂಸ್ಥೆ 1992ರಾಗ ಗೊತ್ತು ಮಾಡಿದ ದಿನ. ಇದರ ಮ್ಯಾಲ ನಾಕು ಮಾತು ಹೇಳ್ರಿ ಅಂತ ಕರದಾಗ ನನಗ ನಮ್ಮವ್ವನ ಟ್ರಂಕಿನ್ಯಾಗಿನ ಒಂದು ರಸೀದಿ ನೆನಪಾತು, ಅಲ್ಲಿಂದೇ ಶುರು ಮಾಡ್ತೀನಿ.

2008ರ ಮಾತಿದು. ಆವಾಗ ನಮ್ಮ ಯಾದಗಿರಿ ಇನ್ನಾ ಜಿಲ್ಲಾ ಆಗಿರ್ಲಿಲ್ಲ, ಗುಲ್ಬರ್ಗಾದಾಗೇ ಇತ್ತು. ನಾನು ಶಹಾಪುರ ತಾಲೂಕಿನ ಒಂದು ಹಳ್ಳ್ಯಾಗ ಒಂಬತ್ತನೇ ಕ್ಲಾಸ್ ಓದ್ತಿದ್ದೆ. ಇದ್ದಿದ್ದೇ ಒಂದೆಕರಿ ಹೊಲ, ಆ ವರ್ಷ ತೊಗರಿಗೆ ಹುಳ ಬಿದ್ದು ಬೀಜ ಹಾಕಿದ ರೊಕ್ಕ ಸುದ್ದ ಬರ್ಲಿಲ್ಲ. ದೀಪಾವಳಿ ಮುಗಿಯೋದ್ರಾಗ ಮೇಸ್ತ್ರಿ ಬಂದು ಮನಿ ಮನಿಗಿ ಅಡ್ವಾನ್ಸ್ ಕೊಡ್ತಿದ್ದ, ತೊಗೊಂಡೋರು ಬಾಗಿಲಿಗಿ ಕೀಲಿ ಹಾಕಿ, ಮುದುಕರನ್ನ ಓಣ್ಯಾಗಿನವ್ರ ಮ್ಯಾಲ ಬಿಟ್ಟು, ಸಣ್ಣ ಮಕ್ಕಳನ್ನ ಬಗಲಾಗ ಎತ್ಕೊಂಡು ಮುಂಬೈ, ಪುಣಾ ಕಡಿ ಗುಳೇ ಹೋಗ್ತಿದ್ರು. ನಮ್ಮವ್ವ ಅಡ್ವಾನ್ಸ್ ಮುಟ್ಟಲಿಲ್ಲ. ಹೋದ್ರ ನನ್ನ ಸಾಲಿ ಅಲ್ಲಿಗೇ ಮುಗೀತು ಅಂತ ಆಕಿಗಿ ಗೊತ್ತಿತ್ತು.

ಉದ್ಯೋಗ ಖಾತ್ರಿ ಕಾಯ್ದೆ 2005ರಾಗ ಪಾಸಾಗಿ 2006ರ ಫೆಬ್ರವರಿದಾಗ ಮೊದ್ಲು 200 ಜಿಲ್ಲಾದಾಗ ಶುರು ಆತು, ಆ ಮೊದಲ ಪಟ್ಟಿದಾಗೇ ಬೀದರ್, ಗುಲ್ಬರ್ಗಾ ಎರಡೂ ಇದ್ವು. ಅಂದ್ರ ಕಾಯ್ದೆ ಬಂದು ಎರಡು ವರ್ಷದ ಮ್ಯಾಲ ಆಗಿತ್ತು, ಆದ್ರ ಅವ್ವ ಪಂಚಾಯ್ತಿಗಿ ಹೋಗಿ ಕೆಲಸ ಕೊಡ್ರಿ ಅಂದ್ರ "ಬಂದಾಗ ಹೇಳ್ತೀವಿ ಹೋಗಮ್ಮ" ಅನ್ನೋರು. ಮೂರು ಸಲ ಹೋಗಿ ಬಂದಳು. ಆಮ್ಯಾಲ ಸಂಘದ ಮೀಟಿಂಗಿನ್ಯಾಗ ಯಾರೋ ಹೇಳಿದ್ರಂತ, ಬಾಯಿಲೆ ಕೇಳಿದ್ರ ಅದು ಕೇಳಿದಂಗ ಅಲ್ಲ, ಕಾಗದದ ಮ್ಯಾಲ ಬರದು ಕೊಡಬೇಕು, ತಾರೀಕು ಹಾಕಿದ ರಸೀದಿ ತೊಗೋಬೇಕು, ಆ ತಾರೀಕಿನಿಂದ 15 ದಿನದಾಗ ಕೆಲಸ ಕೊಡಲಿಲ್ಲಂದ್ರ ಸರಕಾರ ನಿರುದ್ಯೋಗ ಭತ್ಯೆ ಕೊಡಬೇಕಾಗ್ತದ ಅಂತ. ಅವತ್ತು ರಾತ್ರಿ ನನ್ನ ನೋಟಬುಕ್ಕಿನ ಹಾಳಿ ಹರದು ಐದು ಮಂದಿ ಹೆಣ್ಮಕ್ಕಳ ಹೆಸರಿಲೆ ಅರ್ಜಿ ನಾನೇ ಬರದೆ, ಐದೂ ಮಂದಿ ಹೆಬ್ಬಟ್ಟು ಒತ್ತಿದ್ರು.

ಅರ್ಜಿ ಇಸ್ಕೊಂಡ್ರು, ರಸೀದಿ ಕೊಡಲಿಲ್ಲ. ಯಾಕಂದ್ರ ರಸೀದಿ ಕೊಟ್ರ 15 ದಿನದ ಲೆಕ್ಕ ಶುರು ಆಗ್ತದ, ಅದು ಅವ್ವನಕಿಂತ ಅವ್ರಿಗೇ ಚೆಂದ ಗೊತ್ತಿತ್ತು. ಐದೂ ಮಂದಿ ಪಂಚಾಯ್ತಿ ಕಟ್ಟಿ ಮ್ಯಾಲ ಕುಂತ್ರು. ಬೈಲಿಲ್ಲ, ಕೂಗಲಿಲ್ಲ, ರೊಟ್ಟಿ ಗಂಟು ಬಿಚ್ಚಿ ಅಲ್ಲೇ ಉಂಡ್ರು, ಒಳಗಿಂದ ಯಾರೇ ಹೊರಗ ಬಂದ್ರೂ "ರಸೀದಿ ಕೊಡ್ರಿ ಸಾಹೇಬ್ರ" ಅನ್ನೋರು. ಸಂಜಿ ಐದಕ್ಕ ರಸೀದಿ ಮ್ಯಾಲ ಸಿಕ್ಕಾ ಹೊಡದು ಕೊಟ್ರು. ಹನ್ನೆರಡನೇ ದಿನಕ್ಕ ಕೆರಿ ಹೂಳು ತೆಗಿಯೋ ಕೆಲಸ ಶುರು ಆತು. ಪಗಾರ ಎರಡು ತಿಂಗಳು ತಡಾ ಆತು, ಅದಕ್ಕ ಮತ್ತೊಂದು ಅರ್ಜಿ ಬರದ್ವಿ. ಆ ವರ್ಷ ನಾವು ಗುಳೇ ಹೋಗಲಿಲ್ಲ.

ಈಗ ದೊಡ್ಡ ಲೆಕ್ಕಕ್ಕ ಬರ್ತೀನಿ. ಕಡುಬಡತನ ಎಷ್ಟದ ಅಂತ ಅಳತಿ ಮಾಡೋದಕ್ಕ ವಿಶ್ವಬ್ಯಾಂಕ್ ಒಂದು ಗೆರಿ ಹಾಕ್ಯದ, 2025ರ ಜೂನ್‌ದಿಂದ ಅದು ಒಬ್ಬರಿಗಿ ದಿನಕ್ಕ 3 ಡಾಲರ್. ಇದನ್ನ ಇವತ್ತಿನ ಡಾಲರ್ ರೇಟಿಲೆ ಗುಣಿಸಬಾರದ್ರಿ, ಅಮೇರಿಕಾದಾಗ 3 ಡಾಲರಿಗಿ ಬರೋ ಅಷ್ಟೇ ಸಾಮಾನು ನಮ್ಮಲ್ಲಿ ಎಷ್ಟಕ್ಕ ಸಿಗ್ತದ ಅಂತ ನೋಡಬೇಕು, ಹಂಗ ನೋಡಿದ್ರ 2021ರ ಬೆಲಿಗಿ ಹತ್ತಿರ ಹತ್ತಿರ 60 ರೂಪಾಯಿ. ಉಣ್ಣೋದು, ಉಡೋದು, ದವಾಖಾನಿ, ಸಾಲಿ ಎಲ್ಲಾ ಅದರಾಗೇ. ಈ ಗೆರಿ ಕೆಳಗ 1990ರಾಗ ಜಗತ್ತಿನ್ಯಾಗ ಸುಮಾರು 230 ಕೋಟಿ ಜನ ಇದ್ರು, ಈಗ 80 ಕೋಟಿ ಮ್ಯಾಲ ಸ್ವಲ್ಪ ಹಾರ. ನಮ್ಮ ದೇಶದಾಗ 2011-12ರಾಗ ನೂರಕ್ಕ 27 ಮಂದಿ ಇದ್ದೋರು 2022-23ಕ್ಕ 5 ಮಂದಿಗಿ ಇಳದಾರ. ಐದು ವರ್ಷದೊಳಗಿನ ಕೂಸುಗಳು 1990ರಾಗ ವರ್ಷಕ್ಕ ಒಂದು ಕೋಟಿ ಇಪ್ಪತ್ತು ಲಕ್ಷದ ಮ್ಯಾಲ ಸಾಯ್ತಿದ್ವು, 2022ರಾಗ ಅದು 49 ಲಕ್ಷಕ್ಕ ಬಂದದ. 49 ಲಕ್ಷ ಅಂದ್ರೂ ಎದಿ ಝಲ್ ಅಂತದ, ಆದ್ರ ಇಳದದ್ದೂ ಖರೇನೇ, ಏನೂ ಆಗಿಲ್ಲ ಏನೂ ಆಗಂಗಿಲ್ಲ ಅನ್ನೋ ಮಾತನ್ನ ನಾ ಒಪ್ಪಂಗಿಲ್ಲ.

ಇದೆಲ್ಲಾ ವ್ಯಾಪಾರ ಬೆಳದದ್ದಕ್ಕ, ಫ್ಯಾಕ್ಟರಿ ಬಂದದ್ದಕ್ಕ ಆತು ಅಂತಾರ. ಚೀನಾದಾಗ ಬಹಳಷ್ಟು ಹಂಗೇ ಆಗ್ಯದ, ಇಲ್ಲ ಅನ್ನಂಗಿಲ್ಲ. ಆದ್ರ ಬೆಳದ ರೊಕ್ಕ ಕೂಸಿನ ಲಸಿಕಿ ತನಕ, ಸಾಲಿ ಊಟದ ತನಕ ಬರಬೇಕಂದ್ರ ನಡುವ ಕೇಳೋರು ಬೇಕು. ರಾಜಸ್ಥಾನದಾಗ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಅಂತ ಅದ, ಅರುಣಾ ರಾಯ್ ಅವ್ರು ಮತ್ತ ಅವ್ರ ಸಂಗಡಿಗರು 1990ರಾಗ ಕಟ್ಟಿದ್ದು. ಬರಗಾಲದ ಕೆಲಸಕ್ಕ ಬಂದ ಕೂಲಿಯವ್ರು ಮಸ್ಟರ್ ರೋಲ್ ಅಂದ್ರ ಕೂಲಿ ಹಾಜರಿ ಪಟ್ಟಿ ತೋರಿಸ್ರಿ, ಯಾರ ಹೆಸರಿಲೆ ಎಷ್ಟು ರೊಕ್ಕ ಎತ್ತೀರಿ ಹೇಳ್ರಿ ಅಂತ ಕೇಳಿದ್ರು, 1996ರಾಗ ಬ್ಯಾವರ್ ಊರಾಗ 40 ದಿನ ಧರಣಿ ಕುಂತ್ರು. "ನಮ್ಮ ರೊಕ್ಕ, ನಮ್ಮ ಲೆಕ್ಕ" ಅನ್ನೋ ಆ ಕೂಗೇ ಮುಂದ ಬೆಳೀತಾ 2005ರಾಗ ಮಾಹಿತಿ ಹಕ್ಕು ಕಾಯ್ದೆ ಆಗಿ ದೇಶಕ್ಕೆಲ್ಲ ಬಂತು. ನಮ್ಮವ್ವಗ ಅವ್ರ್ಯಾರೂ ಗೊತ್ತಿಲ್ಲ, ಆದ್ರ ಆಕಿ ಕಟ್ಟಿ ಮ್ಯಾಲ ಕುಂತಿದ್ದು ಅವ್ರು ಹಾಕಿದ ದಾರಿದಾಗೇ.

ಹೊರಗಿನ ದೇಶದಾಗೂ ಇಂಥಾ ಕೆಲಸ ನಡದಾವ. ಅಮೇರಿಕಾದಾಗ ಸ್ಯಾಮ್ ಡೇಲಿ-ಹ್ಯಾರಿಸ್ ಅನ್ನೋ ಒಬ್ಬ ಸಂಗೀತದ ಮಾಸ್ತರು ಸಾಲಿ ಸಾಲಿಗಿ ಹೋಗಿ ಹಸಿವಿನ ಬಗ್ಗೆ ಮಾತಾಡ್ತಾ, ನಿಮ್ಮ ಪಾರ್ಲಿಮೆಂಟ್ ಮೆಂಬರ್ ಹೆಸರು ಹೇಳ್ರಿ ಅಂತ 7,000 ಹುಡುಗರಿಗಿ ಕೇಳಿದ್ರು, ಹೇಳಿದೋರು ಬರೇ 200 ಮಂದಿ. ಹಸಿವು ಹೋಗಲಿ ಅನ್ನೋ ಮನಸ್ಸು ಎಲ್ಲರಿಗಿ ಅದ, ಅದನ್ನ ಯಾರ ಮುಂದ ಹೇಳಬೇಕು ಅನ್ನೋದೇ ಗೊತ್ತಿಲ್ಲ ಅಂತ ತಿಳದು 1980ರಾಗ ರಿಸಲ್ಟ್ಸ್ ಅನ್ನೋ ಸಂಸ್ಥೆ ಮಾಡಿದ್ರು. ಅದರಾಗ ಇರೋರು ನಮ್ಮ ನಿಮ್ಮಂಥ ಮಂದಿ, ಎಂಪಿಗಿ ಪತ್ರ ಬರೀತಾರ, ಪೇಪರಿಗಿ ಬರೀತಾರ, ದೂರದ ದೇಶದ ಕೂಸುಗಳ ಲಸಿಕಿಗಿ ಇಷ್ಟು ರೊಕ್ಕ ಇಡ್ರಿ ಅಂತ ಹಟ ಹಿಡಿದು ಕೇಳ್ತಾರ. ಹಂಗೇ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಾಗ 1998ರ ಮೇ ತಿಂಗಳು ಶ್ರೀಮಂತ ದೇಶದ ನಾಯಕರು ಸೇರಿದಾಗ ಸುಮಾರು 70,000 ಜನ ಕೈ ಕೈ ಹಿಡಿದು ಸುತ್ತ ನಿಂತು, ಬಡ ದೇಶಗಳ ಸಾಲಾ ಮನ್ನಾ ಮಾಡ್ರಿ ಅಂದ್ರು. ಸಾಲಾ ಮನ್ನಾ ಒಂದೇ ದಿನಕ್ಕ ಆಗಲಿಲ್ಲ, ವರ್ಷಗಟ್ಟಲೆ ಹಿಡೀತು, ಆದ್ರ ಆತು. ಸಾಲದ ಭಾರ ಕಮ್ಮಿ ಆದ ಮ್ಯಾಲ ತಾಂಜಾನಿಯಾ 2001ರಾಗ ಪ್ರೈಮರಿ ಸಾಲಿ ಫೀಸ್ ತೆಗದು ಹಾಕಿತು, ಲಕ್ಷಗಟ್ಟಲೆ ಮಕ್ಕಳು ಸಾಲಿಗಿ ಬಂದ್ರು. ಬರ್ಮಿಂಗ್‌ಹ್ಯಾಮಿನ್ಯಾಗ ಕೈ ಹಿಡಿದು ನಿಂತ ಅಜ್ಜಿಗಿ ತಾಂಜಾನಿಯಾದ ಹುಡುಗಿ ಮುಖ ಯಾವತ್ತೂ ಕಾಣಂಗಿಲ್ಲ, ಅದನ್ನ ನೆನಸಿದ್ರ ನನಗ ಕಣ್ಣಾಗ ನೀರು ಬರ್ತಾವ.

ನಮ್ಮ ಸಾಲಿ ಊಟದ ಕತಿನೂ ಇದೇ. ಗೋದಾಮಿನ್ಯಾಗ ಧಾನ್ಯ ಕೊಳೀತಿದ್ರೂ ಮಂದಿ ಉಪವಾಸ ಯಾಕಿರಬೇಕು ಅಂತ 2001ರಾಗ ಸುಪ್ರೀಂ ಕೋರ್ಟಿಗಿ ಹೋದ್ರು, ಅದೇ ನವೆಂಬರ್ 28ಕ್ಕ ಸಾಲ್ಯಾಗ ಬಿಸಿ ಊಟ ಕೊಡ್ರಿ ಅಂತ ಆದೇಶ ಬಂತು, 2002ರಾಗ ಅಕ್ಷರ ದಾಸೋಹ ನಮ್ಮ ಈ ಭಾಗದ ಜಿಲ್ಲಾಗಳಿಂದೇ ಶುರು ಆತು. 2021ರ ಡಿಸೆಂಬರ್‌ದಾಗ ತತ್ತಿ ಕೊಡೋದೂ ಮೊದ್ಲು ನಮ್ಮ ಕಡೀನೇ. ವಿರೋಧ ಬಂತು, ಆಗ ಸಾಲಿ ಹುಡುಗ್ಯಾರೇ ಎದ್ದು ನಿಂತು ನಮಗ ತತ್ತಿ ಬೇಕು ಅಂದ್ರು. ತತ್ತಿ ತಿಂದ ಯಾದಗಿರಿ ಮಕ್ಕಳನ್ನ ಗದಗಿನ ಮಕ್ಕಳ ಜೋಡಿ ಹೋಲಿಸಿ ನೋಡಿದಾಗ ನಮ್ಮ ಮಕ್ಕಳ ತೂಕ ಜಾಸ್ತಿ ಏರಿದ್ದು ಕಂಡು ಬಂತು, ಮುಂದ ಇಡೀ ರಾಜ್ಯಕ್ಕ ತತ್ತಿ ಬಂತು.

ಬಂದದ್ದು ಹೋಗ್ತದ ಸುದ್ದ. 2020ರಾಗ ಕರೋನಾದಾಗ ಕಡುಬಡವರ ಸಂಖ್ಯೆ ಎಷ್ಟೋ ವರ್ಷದ ಮ್ಯಾಲ ತಿರುಗಿ ಏರಿತು. 2025ರಾಗ ಅಮೇರಿಕಾ ಸರಕಾರ ತನ್ನ ಯುಎಸ್‌ಏಡ್ ಅನ್ನೋ ನೆರವಿನ ಸಂಸ್ಥೆನೇ ಮುಚ್ಚಿತು. ಈಗ ಉಳದ ಕಡುಬಡವರಾಗ ಅರ್ಧಕ್ಕಿಂತ ಜಾಸ್ತಿ ಆಫ್ರಿಕಾದ ಸಹರಾ ಕೆಳಗಿನ ದೇಶದಾಗ ಹಾರ, ಅಲ್ಲಿನ ದವಾಖಾನಿಗಳಿಗಿ ಆ ರೊಕ್ಕ ಬಹಳ ಬೇಕಾಗಿತ್ತು. 2030ರೊಳಗ ಕಡುಬಡತನ ಪೂರ್ತಿ ಹೋಗಬೇಕು ಅಂತ 2015ರಾಗ ಎಲ್ಲಾ ದೇಶ ಕೂಡಿ ಒಪ್ಪಿದ್ವು. ಒಪ್ಪಿದ ಕಾಗದ ತೊಗೊಂಡು ಅವ್ರ ಬಾಗಿಲಿಗಿ ಹೋಗೋ ಮಂದಿ ಕಮ್ಮಿ ಬಿದ್ದಾರ, ನನಗ ಕಾಡೋದು ಅದೇ.

ಅದಕ್ಕ ಕೇಳ್ತಾ ಕುಂತ ಅಕ್ಕಂದಿರಿಗಿ, ಕಾಲೇಜ್ ಹುಡುಗ ಹುಡುಗ್ಯಾರಿಗಿ ಒಂದು ಮಾತು. ನಿಮ್ಮ ಓಣ್ಯಾಗ ಪಿಂಚಣಿ ನಿಂತ ಅಜ್ಜಿ ಇರ್ತಾಳ, ರೇಷನ್ ಕಾರ್ಡಿನ್ಯಾಗ ಹೆಸರು ಬಿಟ್ಟ ಸೊಸಿ ಇರ್ತಾಳ, ಅವ್ರಿಗಿ ಒಂದು ಅರ್ಜಿ ಬರದು ಕೊಡ್ರಿ. ನಿಮ್ಮ ಎಂಪಿಗೂ ಬರೀರಿ, ನಮ್ಮೂರ ಅಂಗನವಾಡಿ ಬಗ್ಗೆನೂ ಬರೀರಿ, ಬಡ ದೇಶದ ಕೂಸುಗಳ ಲಸಿಕಿಗಿ ಭಾರತ ಏನು ಮಾಡ್ತದ ಅಂತನೂ ಕೇಳ್ರಿ. ಎರಡು ಪ್ರತಿ ಮಾಡ್ರಿ, ಒಂದು ಅವ್ರಿಗಿ, ಇನ್ನೊಂದರ ಮ್ಯಾಲ ಸಿಕ್ಕಾ ಮತ್ತ ತಾರೀಕು. ಹಾಕಂಗಿಲ್ಲ ಅಂದ್ರ ಜಗಳಾ ಮಾಡಬ್ಯಾಡ್ರಿ, ಸೀದಾ ಪೋಸ್ಟ್ ಆಫೀಸಿಗಿ ಹೋಗಿ ಸ್ಪೀಡ್ ಪೋಸ್ಟ್ ಮಾಡ್ರಿ, ಅಲ್ಲಿ ಕೊಡೋ ಚೀಟಿನೂ ರಸೀದಿನೇ. ಶರಣು.