ತೆರಿಗೆ ಬಾಕಿಯ ಮನೆ ಲಿಲಾವಿಗೆ ಬಂದಾಗ

ಎಲ್ಲರಿಗೂ ನಮಸ್ಕಾರ.

ಹರಾಜಿಗೆ ನಮ್ಮ ಹುಬ್ಬಳ್ಳಿ ಕಡೆ ಹಳಬರು ಲಿಲಾವು ಅಂತಾರೆ. ಬ್ಯಾಡಗಿ ಮಾರುಕಟ್ಟೆ ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ಅಲ್ಲಿ ವ್ಯಾಪಾರಿ ಮೆಣಸಿನಕಾಯಿ ಮುರಿದು, ಬಣ್ಣ ನೋಡಿ, ಆಮೇಲೆ ಬೆಲೆ ಬರೆಯುತ್ತಾನೆ. ತೆರಿಗೆ ಬಾಕಿಗೆ ಜಪ್ತಿಯಾದ ಮನೆಗೆ ಎಷ್ಟೋ ಸಲ ಹೊರಗೆ ನಿಂತೇ ಸವಾಲು ಹಾಕಬೇಕಾಗುತ್ತದೆ.

ಪೇಪರಿನಲ್ಲಿ ಕಾಣುವ ಬ್ಯಾಂಕ್ ಹರಾಜು ಬೇರೆ, ಅದು ಬ್ಯಾಂಕುಗಳ ಸಾಲ ವಸೂಲಿಗೆ ಇರುವ 2002ರ ಸರ್ಫೇಸಿ ಕಾಯ್ದೆಯದು. ನಾನು ಹೇಳುವುದು 1961ರ ಆದಾಯ ತೆರಿಗೆ ಕಾಯ್ದೆಯ ಎರಡನೇ ಅನುಸೂಚಿಯ, ಅಂದರೆ ತೆರಿಗೆ ಬಾಕಿ ವಸೂಲಿಯ, ಕ್ರಮ. 2025ರಲ್ಲಿ ಹೊಸ ಕಾಯ್ದೆ ಬಂದಿದೆ, ಹಾಗಾಗಿ ನಿಮ್ಮ ಕೈಯಲ್ಲಿರುವ ಹರಾಜು ಪ್ರಕಟಣೆಯ ಷರತ್ತನ್ನು ಮೊದಲು ಓದಿ. ಹಳೆಯ ನಿಯಮದಲ್ಲಿ ಡಂಗುರ ಸಾರುವ ಮಾತೂ ಇದೆ! ಪ್ರಕಟಣೆ ಅಂಟಿಸಿ ಕನಿಷ್ಠ 30 ದಿನ ಕಳೆಯುವವರೆಗೆ, ಬಾಕಿದಾರ ಒಪ್ಪದಿದ್ದರೆ, ಮಾರುವಂತಿಲ್ಲ.

ಆ ಹಳೆಯ ನಿಯಮದ ಲೆಕ್ಕ ಹೀಗೆ. 40 ಲಕ್ಷಕ್ಕೆ ಸವಾಲು ನಿಮ್ಮ ಹೆಸರಿಗೆ ನಿಂತಿತು ಅನ್ನಿ. 25 ಪರ್ಸೆಂಟ್, ಅಂದರೆ 10 ಲಕ್ಷ, ಅಲ್ಲೇ ಕಟ್ಟಬೇಕು. ಉಳಿದ 30 ಲಕ್ಷ 15 ದಿನದೊಳಗೆ. ಬ್ಯಾಂಕ್ ಸಾಲ ಮಂಜೂರಾಗಲಿ ಅಂತ ಕಾಯುತ್ತಾ ಕೂತರೆ ಕಟ್ಟಿದ ಠೇವಣಿಯೂ ಮುಟ್ಟುಗೋಲಾಗಬಹುದು.

ಪೂರ್ತಿ ಕಟ್ಟಿದರೂ ಮನೆ ನಿಮ್ಮದಾಗಲಿಲ್ಲ. ಮಾರಾಟವಾದ 30 ದಿನದೊಳಗೆ ಬಾಕಿದಾರ ಬಾಕಿ, ಬಡ್ಡಿ ತುಂಬಿ, ನಿಮಗೆ ಅಂತ 5 ಪರ್ಸೆಂಟ್ ಇಟ್ಟರೆ ಮಾರಾಟ ರದ್ದು. ನಿಮ್ಮ 40 ಲಕ್ಷ ವಾಪಸ್, ಜೊತೆಗೆ 2 ಲಕ್ಷ. ಲಾಭ ಅಂತ ಖುಷಿಪಡುವವರೂ ಇದ್ದಾರೆ. ಮಗಳ ಮದುವೆ ಒಳಗೆ ಗೃಹಪ್ರವೇಶ ಅಂತ ಊರಿಗೆಲ್ಲ ಹೇಳಿಕೊಂಡವರ ಮುಖ ಮಾತ್ರ ನೋಡಲಾಗುವುದಿಲ್ಲ. ಈ ಅವಧಿ ಕಳೆದು, ತೆರಿಗೆ ವಸೂಲಿ ಅಧಿಕಾರಿ ಮಾರಾಟ ಖಾಯಂ ಮಾಡಿದ ಮೇಲೆಯೇ ಮಾರಾಟದ ಸರ್ಟಿಫಿಕೇಟ್.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಬಾಕಿದಾರನಿಗೆ ಎಷ್ಟು ಹಕ್ಕಿತ್ತೋ ಅಷ್ಟೇ ನಿಮಗೆ ಬರುತ್ತದೆ. ಸರ್ಕಾರವೇ ಮಾರುತ್ತಿದೆ, ಎಲ್ಲ ಸರಿ ಇರುತ್ತದೆ ಅಂತ ಸುಮ್ನೆ ನಂಬಬೇಡಿ. ಧಾರವಾಡದ ಹಳೆಯ ವಾಡೆ ಮನೆ ಒಂದನ್ನು ನೆನೆಸಿಕೊಳ್ಳಿ. ನಾಲ್ಕು ಜನ ಅಣ್ಣತಮ್ಮಂದಿರು, ಸಮಪಾಲು, ಬಾಕಿ ಒಬ್ಬನದು. ನೀವು ಕೊಂಡದ್ದು ನಾಲ್ಕನೇ ಒಂದು ಪಾಲು. ಅದೂ ಯಾವ ಕೋಣೆ ಅಂತ ಗೊತ್ತಿಲ್ಲದ ಪಾಲು! ಉಳಿದವರು ಒಪ್ಪದಿದ್ದರೆ ಪಾಲಿನ ದಾವೆ ಹೂಡಬೇಕು. ನಮ್ಮ ಕೋರ್ಟುಗಳಲ್ಲಿ ಅದಕ್ಕೆ ಎಷ್ಟು ದಿನ ಹಿಡಿಯುತ್ತದೆ ಅಂತ ನಾನು ಹೇಳಬೇಕಾಗಿಲ್ಲ, ಅಲ್ವಾ?

ಅದಕ್ಕೇ ಸವಾಲಿಗೆ ಹೋಗುವ ಮೊದಲು ಸಿಟಿ ಸರ್ವೆ ಕಚೇರಿಯಲ್ಲಿ ಪಿಆರ್ ಕಾರ್ಡ್, ಅಂದರೆ ಆಸ್ತಿ ಯಾರ ಹೆಸರಿಗಿದೆ ಅನ್ನುವ ದಾಖಲೆ, ತೆಗೆಸಿ. ಹೊಲವಾದರೆ ಉತಾರ, ಅಂದರೆ ಪಹಣಿ. ಆಸ್ತಿ ಮೇಲೆ ಸಾಲ, ಅಡಮಾನ ಇದೆಯೋ ಅಂತ ತೋರಿಸುವ ಇಸಿಯನ್ನೂ (ಋಣಭಾರ ಪತ್ರ) ನೋಡಿ. ಒಳಗೆ ಬಾಡಿಗೆದಾರ ಇದ್ದಾನೋ ಏನೋ, ಅಕ್ಕಪಕ್ಕದವರನ್ನು ಕೇಳಿ. ಕರೆಂಟ್ ಬಿಲ್ ಬಾಕಿ ಇದೆಯೋ ಅಂತಲೂ ನೋಡಿ. ಹರಾಜಿನಲ್ಲಿ ಕೊಂಡವರಿಗೆ ಹೊಸ ಸಂಪರ್ಕ ಕೊಡುವಾಗ, ನಿಯಮ ಇದ್ದರೆ, ಹಳೆಯ ಮಾಲೀಕನ ಬಾಕಿ ಕೇಳಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಪ್ರಕಟಣೆಯ ಪ್ರತಿ ತಂದವರು ಮುಂದೆ ಬನ್ನಿ, ಕೂತು ಓದೋಣ.