ಡಾಕ್ಟರು ನಮ್ಮೂರಲ್ಲಿ ಉಳಿಯಬೇಕಾದರೆ

ಕೇಳುಗರಿಗೆಲ್ಲ ನಮಸ್ಕಾರ.

ಜಗಳೂರು ಕಡೆಯ ನಮ್ಮ ಹಳ್ಳಿಯಲ್ಲಿ ಒಂದು ರಾತ್ರಿ ಅವ್ವನಿಗೆ ಎದೆನೋವು ಬಂತು. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಓಡಿದೆವು. ಹೊರಗೆ ಲೈಟು ಉರಿಯುತ್ತಿತ್ತು, ಡಾಕ್ಟರ ರೂಮಿಗೆ ಬೀಗ. ನರ್ಸಮ್ಮ ಬಿ.ಪಿ. ನೋಡಿ, ಮಾತ್ರೆ ಕೊಟ್ಟು, "ಡಾಕ್ಟ್ರ ಪೋಸ್ಟು ಖಾಲಿ ಐತಣ್ಣ, ದಾವಣಗೆರೆಗೆ ಕರ್ಕಂಡು ಹೋಗಿ" ಅಂದರು. ಟಾಟಾ ಏಸ್ ಹಿಂದೆ ಕೌದಿ ಹಾಸಿ ಮಲಗಿಸಿಕೊಂಡು ಹೊರಟೆವು. ದಾರಿಯುದ್ದಕ್ಕೂ ಅವ್ವ ನನ್ನ ಕೈ ಬಿಡಲಿಲ್ಲ. ಪುಣ್ಯಕ್ಕೆ ಉಳಿದಳು.

ದಾವಣಗೆರೆಯಲ್ಲಿ 1965ರಿಂದಲೇ ಮೆಡಿಕಲ್ ಕಾಲೇಜಿದೆ. ಈಗ ಎರಡಾಗಿವೆ. ಚಿತ್ರದುರ್ಗದಲ್ಲೂ ಇದೆ. ಇಷ್ಟು ವರ್ಷ ಡಾಕ್ಟರನ್ನು ತಯಾರು ಮಾಡಿದ ಊರಿನ ಪಕ್ಕದಲ್ಲೇ ಕುರ್ಚಿ ಖಾಲಿ. ಹಾಗಾದರೆ ಸುಮ್ನೆ ಮೆಡಿಕಲ್ ಸೀಟು ಜಾಸ್ತಿ ಮಾಡಿದರೆ ಸಾಲದು, ಅಲ್ವಾ?

1946ರಲ್ಲೇ, ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಅಂತ ನೋಡಿದ ಭೋರ್ ಸಮಿತಿ, 40 ಸಾವಿರ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕು ಅಂದಿತ್ತು. ಈಗಿನ ಲೆಕ್ಕ ಬಯಲುಸೀಮೆಯಲ್ಲಿ 30 ಸಾವಿರಕ್ಕೊಂದು. ಕಟ್ಟಡವನ್ನು ವರ್ಷದಲ್ಲಿ ಎಬ್ಬಿಸಬಹುದು. ಡಾಕ್ಟರು ತಯಾರಾಗಲು ಐದೂವರೆ ವರ್ಷ ಬೇಕು. ಅಡಿಕೆ ಸಸಿ ಇಟ್ಟ ಹಾಗೆ ಇದು. ಯಾವ ಸಸಿ, ಎಲ್ಲಿ ನೆಡಬೇಕು ಅಂತ ಮೊದಲೇ ನೋಡಬೇಕು.

ಬಡ ದೇಶಗಳಿಗೆಲ್ಲ ಇದೇ ಪಾಡು. ಥಾಯ್ಲೆಂಡಿನವರು 1994ರಲ್ಲಿ ಒಂದು ದಾರಿ ಹಿಡಿದರು. ಹಳ್ಳಿಗಾಡಿನ ಮಕ್ಕಳನ್ನೇ ಆರಿಸಿದರು. ಮೊದಲ ಮೂರು ವರ್ಷ ವಿಶ್ವವಿದ್ಯಾಲಯದಲ್ಲಿ ಓದಿಸಿ, ಉಳಿದ ಮೂರು ವರ್ಷ ಅವರವರ ಕಡೆಯ ಆಸ್ಪತ್ರೆಗಳಲ್ಲೇ ಕಲಿಸಿದರು. ಓದು ಮುಗಿದ ಮೇಲೆ ಕೆಲಸವೂ ಅಲ್ಲೇ.

ನಮ್ಮಲ್ಲಿ ಡಾಕ್ಟರ ಓದು ಮುಗಿಸಿದವರಿಗೆಲ್ಲ ಒಂದು ವರ್ಷ ಹಳ್ಳಿ ಸೇವೆ 2023ರವರೆಗೆ ಕಡ್ಡಾಯ ಇತ್ತು. ಬಂದ ಹುಡುಗ ಮುಂದಿನ ಓದಿನ ಸೀಟಿಗಾಗಿ ನೀಟ್ ಪುಸ್ತಕ ಹಿಡಿದು ದಿನ ಎಣಿಸುತ್ತಿದ್ದ. ಅವನನ್ನು ಬೈಯಲು ನನಗೆ ಮನಸ್ಸಿಲ್ಲ. ಸ್ಕ್ಯಾನು, ಐಸಿಯು, ಹತ್ತು ಜನ ಸೀನಿಯರ್‌ಗಳ ನಡುವೆ ಕಲಿತವನು. ನಡುರಾತ್ರಿ ಒಬ್ಬನೇ ಹೆರಿಗೆ ನೋಡು ಅಂದರೆ ಯಾರಿಗೆ ಭಯ ಆಗುವುದಿಲ್ಲ?

ಓದಿನ ಕೊನೆಯ ವರ್ಷ ಆಸ್ಪತ್ರೆಯಲ್ಲಿ ಕೆಲಸ ಕಲಿಯುವ ಹೌಸ್ ಸರ್ಜನ್‌ಗಳು ಜಗಳೂರು, ಮೊಳಕಾಲ್ಮೂರಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ಇದ್ದು ಕಲಿಯಲಿ. ಸೋರದ ಮನೆ, ಕುಡಿಯುವ ನೀರು, ರಾತ್ರಿ ಫೋನು ಮಾಡಿದರೆ ಎತ್ತುವ ಹಿರಿಯ ಡಾಕ್ಟರು, ಇದನ್ನೆಲ್ಲ ಸೀಟಿನ ಲೆಕ್ಕ ಹಾಕುವ ದಿನವೇ ಸೇರಿಸಿ ಅಂತ ನಮ್ಮ ಶಾಸಕರನ್ನು, ಸಂಸದರನ್ನು ನಾವೇ ಕೇಳೋಣ. ನಮಸ್ಕಾರ.